ಚಳಿಗೆ ಮಲಗಿದ ಪೀಪಾಯಿ

“ಗುರುಗಳೇ, ನನ್ನ ಕೋಪ ಸತ್ತುಹೋಗಿದೆ. ಮಠಕ್ಕೆ ಬಂದಂದಿನಿಂದ ಒಂದು ಸಲವೂ ತಲೆ ಎತ್ತಿಲ್ಲ. ಇನ್ನು ಊರಿಗೆ ಹೋಗಿ ಅಣ್ಣಂದಿರ ಜೊತೆ ಒಂದೇ ಮನೆಯಲ್ಲಿ ಇರಬಹುದೇ?” ಎಂದು ಶಿಷ್ಯ ಕೇಳಿದ.

“ಹೆಂಡದ ಕತೆ ಎಂದು ಮೂಗು ಮುಚ್ಚಿಕೊಳ್ಳದಿದ್ದರೆ ಒಂದು ಹೇಳುತ್ತೇನೆ” ಎಂದು ಗುರುಗಳು ಶುರುಮಾಡಿದರು.

ಗ್ರೀಸ್ ದೇಶದಲ್ಲಿ ಒಂದು ಬೆಟ್ಟದ ಸೀಮೆ. ಅಲ್ಲಿನ ಚಳಿ ಎಂಥದೆಂದರೆ, ಕೂಗಲು ಬಾಯಿ ತೆರೆದ ಕೋಳಿಗೆ ಮಧ್ಯಾಹ್ನದವರೆಗೆ ಬಾಯಿ ಮುಚ್ಚಲಾಗುತ್ತಿರಲಿಲ್ಲ. ಅಲ್ಲಿ ದೆಬಿನಾ ಎಂಬ ಬಿಳಿ ದ್ರಾಕ್ಷಿ ಬೆಳೆಯುತ್ತದೆ. ಆ ಮಣ್ಣಿನದೇ ಬಳ್ಳಿ. ಅದರ ಬಿಳಿ ವೈನನ್ನು ಒಂದು ಗುಟುಕು ಕುಡಿದ ಮುದುಕನೊಬ್ಬ ತನ್ನ ಕತ್ತೆಯನ್ನೇ ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿದನಂತೆ.

ಕಡಲ ಕಡೆಯ ಒಬ್ಬ ವ್ಯಾಪಾರಿ ಈ ಸುದ್ದಿ ಕೇಳಿದ. ಅವನ ಮಗಳ ಮದುವೆ ಗೊತ್ತಾಗಿತ್ತು. ಬೀಗರು ದೊಡ್ಡ ಮನೆಯವರು, ಮಾತುಮಾತಿಗೆ ಮುನಿಯುವವರು. “ನಿಮ್ಮ ತಾತ ಮುತ್ತಾತ ಕಾಣದ ವೈನು ಕುಡಿಸುತ್ತೇನೆ” ಎಂದು ಅವರ ಮುಂದೆ ಜಂಬ ಕೊಚ್ಚಿಬಿಟ್ಟಿದ್ದ. ಮಾತು ತಪ್ಪಿದರೆ ಮದುವೆ ಮುರಿಯುತ್ತಿತ್ತು. ನಡುಚಳಿಗಾಲದಲ್ಲೇ ಗಾಡಿ ಕಟ್ಟಿಸಿಕೊಂಡು ಬೆಟ್ಟ ಹತ್ತಿದ.

ಒಬ್ಬ ಮುದುಕಿ ತನ್ನ ನೆಲಮಾಳಿಗೆಯ ಪೀಪಾಯಿಗಳನ್ನು ತೋರಿಸಿದಳು. ಹುಳಿಯುವ ರಸ ಬುಳುಬುಳು ಎನ್ನುತ್ತದೆಂದು ವ್ಯಾಪಾರಿ ಬಲ್ಲ. ಒಂದೊಂದು ಪೀಪಾಯಿಗೂ ಕಿವಿ ಹಚ್ಚಿದ. ಮೂಸಿದ. ಬೆರಳು ಅದ್ದಿ ನೆಕ್ಕಿದ. ಸದ್ದಿಲ್ಲ, ನೊರೆಯಿಲ್ಲ, ನಾಲಗೆಗೆ ಹಿತವಾದ ಸಣ್ಣ ಸಿಹಿ. ಆದರೆ ಒಂದಕ್ಕೂ ಬಿರಡೆ ಬಡಿದಿರಲಿಲ್ಲ. ತೂತಿನ ಮೇಲೆ ದ್ರಾಕ್ಷಿ ಎಲೆ ಮುಚ್ಚಿ, ಅದು ಸರಿಯದಂತೆ ಒಂದು ಕಲ್ಲು ಇಟ್ಟಿದ್ದಳು.

“ಹುಳಿಯುವುದೆಲ್ಲ ಮುಗಿದಿದೆಯಲ್ಲ ಅಜ್ಜಿ, ಬಿರಡೆ ಯಾಕೆ ಬಡಿದಿಲ್ಲ?”

“ಮುಗಿದಿಲ್ಲಪ್ಪ, ಚಳಿಗೆ ಮಲಗಿದೆ. ಬೇಸಗೆ ಬರಲಿ, ಆಮೇಲೆ ಒಯ್ಯಿ.”

“ಮಲಗಿದ್ದರೆ ಗೊರಕೆಯಾದರೂ ಕೇಳಬೇಕಿತ್ತು.”

“ನಿನ್ನ ಗೊರಕೆ ನಿನಗೆ ಎಂದಾದರೂ ಕೇಳಿದೆಯೇನು?”

ವ್ಯಾಪಾರಿ ನಕ್ಕ. ಮದುವೆ ಬೇಸಗೆಗೆ ಕಾಯುವಂತಿರಲಿಲ್ಲ. ದಾರಿಯಲ್ಲಿ ಒಂದು ಹನಿಯೂ ಚೆಲ್ಲಬಾರದೆಂದು ಎಲೆ, ಕಲ್ಲು ಎಸೆದು ಬಿರಡೆ ಬಡಿದ. ಮೇಲೆ ಮೇಣ ಮೆತ್ತಿ ಕಬ್ಬಿಣದ ಪಟ್ಟಿ ಬಿಗಿಸಿದ. ದಾರಿಯುದ್ದಕ್ಕೂ ಪೀಪಾಯಿಗಳು ತುಟಿ ಪಿಟಿಕ್ಕೆನ್ನಲಿಲ್ಲ. ಮನೆಯಲ್ಲಿ ಅವುಗಳಿಗೆ ಒಳ್ಳೆಯ ಜಾಗವೇ ಸಿಕ್ಕಿತು. ಮದುವೆಯ ರೊಟ್ಟಿ ಸುಡುವ ದೊಡ್ಡ ಒಲೆಯ ಪಕ್ಕದ ಕೋಣೆ.

ಮದುವೆಯ ದಿನ ಬೀಗರು ಅಂಗಳದಲ್ಲಿ ಊಟಕ್ಕೆ ಕೂತರು. ಒಳಗೆ ಗುಡುಗಿದ ಹಾಗಾಯಿತು. ಒಂದು ಬಿರಡೆ ಗೋಡೆ ತೂರಿ ಬಂದು, ಬೀಗರ ಟೋಪಿ ಎತ್ತಿಕೊಂಡು ಕಡಲು ದಾಟಿತು. ಆಚೆ ದಡದವರು ಹದ್ದೆಂದು ತಿಳಿದು ಅದಕ್ಕೆ ಬಾಣ ಬಿಟ್ಟರಂತೆ. ಪೀಪಾಯಿಗಳ ಹಲಗೆ ಸೀಳಿ ವೈನೆಲ್ಲ ಅಂಗಳಕ್ಕೆ ಹರಿಯಿತು. ಬೀಗರು ಒದ್ದೆ ಬಟ್ಟೆಯಲ್ಲೇ ಮಗನನ್ನು ಕರೆದುಕೊಂಡು ಎದ್ದುಹೋದರು. ಮಗಳು ಅಪ್ಪನ ಮುಖ ನೋಡಿದಳು.

ವ್ಯಾಪಾರಿ ಮತ್ತೆ ಬೆಟ್ಟ ಹತ್ತಿದ. ಜಗಳಕ್ಕೆಂದು ಹೋದವನ ಬಾಯಲ್ಲಿ ಪ್ರಶ್ನೆ ಬಂತು.

“ಒಳಗೆ ಅಷ್ಟೆಲ್ಲ ಇದ್ದದ್ದು ನನಗೆ ತಿಳಿಯಲೇ ಇಲ್ಲ. ಪೂರ್ತಿ ಮುಗಿಯಿತೆಂದು ನೀನು ಹೇಗೆ ಕಂಡುಹಿಡಿಯುತ್ತೀ ಅಜ್ಜಿ?”

“ಚಳಿಯಲ್ಲಿ ಎಲ್ಲ ಪೀಪಾಯಿಯೂ ಸಾಧುವೇ” ಎಂದಳು ಮುದುಕಿ. “ಬಿಸಿ ತಾಗಿದ ಮೇಲೂ ಸುಮ್ಮನಿದ್ದರೆ ಆಗ ಬಿರಡೆ ಬಡಿಯುತ್ತೇನೆ.”

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. “ಶುದ್ಧ ಪೆದ್ದ ವ್ಯಾಪಾರಿ ಗುರುಗಳೇ. ಅದಿರಲಿ, ನಾನು ಯಾವತ್ತು ಹೊರಡಲಿ?”

ಗುರುಗಳು ಕೇಳಿದರು: “ಈ ಮಠದಲ್ಲಿ ನಿನ್ನನ್ನು ಕೆಣಕುವವರು ಯಾರಿದ್ದಾರೆ, ಮಗು?”