ಗುಣ ಹೇಳಿ ಒಪ್ಪಿಸುವುದು

“ನಾಳೆ ತೀರ್ಪು ಕೊಡಬೇಕು, ಗುರುಗಳೇ. ಐದು ವರ್ಷದ ಮಗು. ಅಪ್ಪನಿಗೂ ಪ್ರೀತಿ, ಅಮ್ಮನಿಗೂ ಪ್ರೀತಿ. ವಕೀಲರ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಮಗುವನ್ನು ಯಾರಿಗೆ ಕೊಡಲಿ?” ಎಂದು ಶಿಷ್ಯೆ ಮಂದಾಕಿನಿ ಕೇಳಿದಳು. ಅವಳು ಕೌಟುಂಬಿಕ ನ್ಯಾಯಾಲಯದ ನ್ಯಾಯಾಧೀಶೆ.

ಗುರುಗಳು ಕತೆ ಹೇಳಿದರು.

ಒಬ್ಬ ಕುರಿಗಾಹಿ. ಅವನಿಗೂ ಹೆಂಡತಿಗೂ ಎಣ್ಣೆ ಸೀಗೆಕಾಯಿ. ಇನ್ನು ಕೂಡಿ ಬಾಳುವುದು ಆಗದ ಮಾತು ಎಂದು ಇಬ್ಬರೂ ಮಗನನ್ನು ಕರೆದುಕೊಂಡು ಹಟ್ಟಿಯ ಯಜಮಾನನ ಮುಂದೆ ಬಂದರು. ಯಜಮಾನನಿಗೆ ವಯಸ್ಸಾಗಿತ್ತು. ಇಂಥ ಎಷ್ಟೋ ಮನೆ ಒಡೆದದ್ದನ್ನು ಕಂಡು ಅವನ ಮನಸ್ಸು ದಣಿದುಹೋಗಿತ್ತು.

ಮೊದಲು ಕುರಿ ಪಾಲಾಯಿತು. ಕುರಿ ಕೈ ಬದಲಾಗುವಾಗ ಅದರ ಗುಣ ಹೇಳಿ ಒಪ್ಪಿಸುವುದು ಆ ಹಟ್ಟಿಯ ರೂಢಿ. ಇದು ಮರಿಗೆ ಮೊಲೆ ಕೊಡುವುದಿಲ್ಲ, ಆ ಕುರಿಗೆ ಎಳೆ ಜೋಳದ ಸುಳಿ ತಿಂದರೆ ಹೊಟ್ಟೆ ಉಬ್ಬುತ್ತದೆ ಎಂದು ಇಬ್ಬರೂ ಒಂದನ್ನೂ ಮುಚ್ಚಿಡದೆ ಹೇಳಿದರು. ಮುಖ ಕೊಟ್ಟು ಮಾತಾಡದವರು ಕುರಿಯ ವಿಷಯಕ್ಕೆ ನೆಟ್ಟಗೆ ಮಾತಾಡಿದರು. ಯಜಮಾನನಿಗೆ ಅಷ್ಟಾದರೂ ಸಮಾಧಾನವಾಯಿತು.

“ಇನ್ನು ಮಗನ ಗುಣ ಹೇಳಿ. ಯಾರ ಪಾಲಿಗೆ ಹೋದರೂ ಅವನು ಬದುಕಬೇಕಲ್ಲ,” ಎಂದ.

ಇಬ್ಬರೂ ತುಟಿ ಬಿಚ್ಚಲಿಲ್ಲ. ಹೊತ್ತು ಇಳಿಯಿತು. ಮಗು ಯಜಮಾನನ ಕಂಬಳಿಯ ಮೇಲೆಯೇ ನಿದ್ದೆ ಹೋಯಿತು.

ಕೊನೆಗೆ ಹೆಂಡತಿ ಅತ್ತುಬಿಟ್ಟಳು. “ಜ್ವರ ಏರಿದರೆ ಮಗುವಿಗೆ ಏನಾಗುತ್ತದೆ, ಆಗ ಏನು ಮಾಡಬೇಕು ಅನ್ನುವುದು ನನಗೊಬ್ಬಳಿಗೇ ಗೊತ್ತು, ಯಜಮಾನರೇ. ಈತ ಕುರಿ ಹಿಂದೆ ಊರೂರು ಅಲೆಯುವಾಗ ನಾನೊಬ್ಬಳೇ ಕಂಡದ್ದು. ಹೇಳಿಬಿಟ್ಟರೆ ಈತನೂ ಸಾಕಿಬಿಡುತ್ತಾನೆ. ಆಮೇಲೆ ಮಗನನ್ನು ನನಗೆ ಯಾರು ಕೊಡುತ್ತಾರೆ?”

“ಕೇಳಿದಿರಲ್ಲ ಇವಳ ಬುದ್ಧಿ? ಇನ್ನೇನು ಬೇಕು, ತೀರ್ಪು ಹೇಳಿ,” ಎಂದ ಗಂಡ.

ಯಜಮಾನನಿಗೆ ಇಬ್ಬರ ಮೇಲೂ ಸಿಟ್ಟು ಬಂತು. ಅವಳನ್ನು ನೋಡಿ ಕರುಳೂ ಚುರ್ರೆಂದಿತು. ಅವಳದು ಪ್ರೀತಿಯೇ, ಸುಳ್ಳಲ್ಲ. ಇಂಥ ಪ್ರೀತಿಯನ್ನು ನೋಡಿ ನೋಡಿಯೇ ಅವನಿಗೆ ಸಾಕಾಗಿಹೋಗಿತ್ತು. ಒಂದು ಸಲ ಮಲಗಿದ್ದ ಮಗುವಿನ ಹಣೆ ಮುಟ್ಟಿ ನೋಡಿದ. ಆಮೇಲೆ ತೀರ್ಪು ಹೇಳಿ ಎದ್ದುಹೋದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮಂದಾಕಿನಿಗೆ ತಡೆಯಲಾಗಲಿಲ್ಲ.

“ಯಾರಿಗೆ ಕೊಟ್ಟ, ಗುರುಗಳೇ? ಅಮ್ಮನಿಗೋ, ಅಪ್ಪನಿಗೋ?”

“ಜ್ವರ ಏರಿದರೆ ಆ ಮಗುವಿಗೆ ಏನಾಗುತ್ತದೆ ಎಂದು ನೀನೂ ಕೇಳಲಿಲ್ಲವಲ್ಲ, ತಾಯಿ.”