ಚಳಿಜ್ವರದ ಬೇರು

"ಗುರುಗಳೇ, ನನಗೊಂದು ಒಳ್ಳೆಯ ಔಷಧ ತಿಳಿದರೆ ಅದರ ಗುಟ್ಟನ್ನು ಕಾಪಾಡಿಕೊಳ್ಳಬೇಕಲ್ಲವೇ? ಕಂಡಕಂಡವರೆಲ್ಲ ಮಾಡತೊಡಗಿದರೆ ಅದಕ್ಕೆ ಬೆಲೆ ಎಲ್ಲಿ ಉಳಿಯುತ್ತದೆ?" ಎಂದು ವೈದ್ಯವಿದ್ಯೆ ಕಲಿಯುತ್ತಿದ್ದ ಚೆನ್ನವೀರ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬಳು ವೈದ್ಯೆ ಇದ್ದಳು. ಅವಳು ಕೊಡುತ್ತಿದ್ದ ಪುಡಿಗೆ ಚಳಿಜ್ವರ ಮೂರು ದಿನದಲ್ಲಿ ಬಿಡುತ್ತಿತ್ತು. ಅದು ಬೇಲಿಯಲ್ಲಿ ಬೆಳೆಯುವ ಒಂದು ಗಿಡದ ಬೇರು. ಯಾವ ಗಿಡ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಒಬ್ಬ ವ್ಯಾಪಾರಿ ಅವಳಿಂದ ಪುಡಿಯನ್ನು ಕೊಂಡು ದೂರದ ಊರುಗಳಲ್ಲಿ ಹೆಚ್ಚಿನ ಬೆಲೆಗೆ ಮಾರುತ್ತಿದ್ದ.

ಒಂದು ದಿನ ಒಬ್ಬ ಹೆಂಗಸು ಜ್ವರದಿಂದ ನಡುಗುತ್ತಿದ್ದ ಗಂಡನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದಳು.

"ಹಾಲು ಕರೆಯುವ ಎಮ್ಮೆ ಮಾರಿ ನಮ್ಮೂರ ಸಂತೆಯಲ್ಲಿ ನಿನ್ನ ಪುಡಿಯೆಂದು ಕೊಂಡೆ ತಾಯಿ. ಐದು ದಿನವಾಯಿತು, ಇವರ ಮೈ ಕೆಂಡವಾಗಿಯೇ ಇದೆ" ಎಂದು ಪೊಟ್ಟಣವನ್ನು ಮುಂದೆ ಎಸೆದಳು.

ವೈದ್ಯೆ ಅದನ್ನು ನಾಲಗೆಗೆ ಹಚ್ಚಿ ನೋಡಿದಳು. ಇಟ್ಟಿಗೆಯ ಪುಡಿ. ಅವಳು ಕೂಡಲೇ ನಿಜವಾದ ಔಷಧ ಕೊಟ್ಟಳು. ನಾಲ್ಕನೆಯ ದಿನ ಗಂಡ ಎದ್ದು ಕುಳಿತು ಗಂಜಿ ಕೇಳಿದ.

ವ್ಯಾಪಾರಿಯನ್ನು ಕರೆಸಿದಾಗ ಅವನು, "ನಾನು ಮಾರುವುದು ಅಸಲಿಯೇ ಅಮ್ಮಾ. ಯಾರೋ ಕಳ್ಳರು ನಕಲಿ ಮಾಡುತ್ತಿದ್ದಾರೆ. ನೀವು ಗುಟ್ಟನ್ನು ಇನ್ನೂ ಭದ್ರವಾಗಿಡಿ" ಎಂದ.

"ಗುಟ್ಟಾಗಿಟ್ಟದ್ದಕ್ಕೇ ಆ ಹೆಣ್ಣುಮಗಳಿಗೆ ಇಟ್ಟಿಗೆ ಯಾವುದು, ಬೇರು ಯಾವುದು ಎಂದು ತಿಳಿಯಲಿಲ್ಲ" ಎಂದಳು ವೈದ್ಯೆ.

ಮುಂದಿನ ಸಂತೆಯ ದಿನ ಅವಳು ಕಲ್ಲಿನ ಕುಟ್ಟಾಣಿ ತಂದು ಸಂತೆಯ ನಡುವೆ ಕುಳಿತಳು. ಗಿಡವನ್ನು ಎತ್ತಿ ತೋರಿಸಿದಳು. ಎಲ್ಲರೆದುರು ಬೇರನ್ನು ಕುಟ್ಟಿದಳು. ನೀರಿಗೆ ಹಾಕಿದರೆ ಅಸಲಿ ಪುಡಿ ಹಳದಿಯಾಗಿ ತೇಲುತ್ತದೆ, ಇಟ್ಟಿಗೆ ತಳಕ್ಕಿಳಿಯುತ್ತದೆ ಎಂದು ತೋರಿಸಿದಳು. ಒಬ್ಬ ಮುದುಕ ಚಿಟಿಕೆ ಪುಡಿಯನ್ನು ಬಾಯಿಗೆ ಹಾಕಿಕೊಂಡು ಮುಖ ಕಿವಿಚಿ, "ಇಷ್ಟು ಕಹಿಯಾದದ್ದು ಸುಳ್ಳಾಗಿರಲಾರದು!" ಎಂದು ಕೂಗಿದ. ಸಂತೆಯೆಲ್ಲ ನಕ್ಕಿತು.

ವೈದ್ಯೆಯೂ ನಕ್ಕಳು. ಆದರೆ ಅಳತೆಯ ಮಾತು ಬಂದಾಗ ನಗಲಿಲ್ಲ. ದೊಡ್ಡವರಿಗೆ ಎಷ್ಟು, ಮಕ್ಕಳಿಗೆ ಎಷ್ಟು, ಬಸುರಿಯರಿಗೆ ಏಕೆ ಕೂಡದು ಎಂದು ಪ್ರತಿ ಊರಿನ ಇಬ್ಬರ ಬಾಯಲ್ಲಿ ಮೂರು ಸಲ ಹೇಳಿಸಿದಳು. ತಪ್ಪಿದವರನ್ನು ಮತ್ತೆ ಕೂರಿಸಿಕೊಂಡಳು. ಅಂದು ಕೆಲವರು ಊರು ಸೇರುವಾಗ ಸಂಜೆಯಾಗಿತ್ತು.

ವ್ಯಾಪಾರಿ ಎರಡು ತಿಂಗಳು ಅವಳೊಡನೆ ಮಾತು ಬಿಟ್ಟ. ಆಮೇಲೆ ಕುಟ್ಟಾಣಿಗಳನ್ನು ಮಾರತೊಡಗಿದ. ಮನೆಮನೆಗೂ ಒಂದೊಂದು ಬೇಕಾಯಿತು. ಕೊಳ್ಳಲು ಬಂದವರಿಗೆಲ್ಲ ಅವನೇ ಕೈಬೆರಳು ಎಣಿಸಿ ಅಳತೆ ಹೇಳುತ್ತಿದ್ದ. ಇಟ್ಟಿಗೆ ಪುಡಿಯನ್ನು ಕೇಳುವವರು ಮಾತ್ರ ಯಾರೂ ಉಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಎಲ್ಲ ಸರಿ ಗುರುಗಳೇ, ಗುಟ್ಟು ಬಿಟ್ಟುಕೊಟ್ಟ ಆ ವೈದ್ಯೆಗೆ ಸಿಕ್ಕಿದ್ದೇನು?" ಎಂದ ಚೆನ್ನವೀರ.

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದರು:

"ಮೂರು ವರ್ಷದವನಿದ್ದಾಗ ನಿನಗೆ ಆ ಜ್ವರ ಬಂದಿತ್ತು ಮಗೂ; ಹಿತ್ತಲ ಬೇಲಿಯಿಂದ ಬೇರು ಕಿತ್ತು ಕುಟ್ಟಿ ಕುಡಿಸಿದವಳು ನಿನ್ನ ತಾಯಿ."