ನೆನೆದ ನೆಲದ ಏಣಿ

“ಬುದ್ಧಿ, ನಾವು ನೆನೆಯದಿದ್ದರೆ ದೇವರಿಗೆ ಏನಾದರೂ ಕಡಿಮೆಯಾಗುತ್ತದೆಯೇ?”

ಊಟದ ಪಂಕ್ತಿಯಲ್ಲಿ ಹೀಗೆ ಕೇಳಿದವನು ಶಾಂತಮಲ್ಲ, ಮಠಕ್ಕೆ ಬಂದು ಇನ್ನೂ ವರ್ಷ ತುಂಬದ ಶಿಷ್ಯ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಹಸಿವಿನಿಂದ ಕೇಳಿದ್ದು. ಆ ಮಠದಲ್ಲಿ ತುತ್ತು ಮುಟ್ಟುವ ಮೊದಲು ಅನ್ನಕ್ಕೆ ಕಾರಣರಾದವರನ್ನೆಲ್ಲ ನೆನೆಯುವ ಪದ್ಧತಿಯಿತ್ತು. ಉತ್ತವರನ್ನು, ಬಿತ್ತಿದವರನ್ನು, ರಾಗಿ ಬೀಸಿದವರನ್ನು, ಒಲೆಗೆ ಸೌದೆ ತಂದವರನ್ನು, ಕೊನೆಗೆ ಎಲ್ಲರ ಹಿಂದೆ ನಿಂತ ಸ್ವಾಮಿಯನ್ನು ನೆನೆದು ಮುಗಿಸುವಷ್ಟರಲ್ಲಿ ಬಡಿಸಿದ ಮುದ್ದೆಯ ಹಬೆ ಅಡಗಿರುತ್ತಿತ್ತು. ಶಾಂತಮಲ್ಲನಿಗೆ ಬಿಸಿ ಮುದ್ದೆಯೆಂದರೆ ಪ್ರಾಣ.

ಗುರುಗಳು ಅವನ ಮುಖ ನೋಡಿದರು. ಅವನ ತಟ್ಟೆ ನೋಡಿದರು. ನಕ್ಕರು.

“ಕಡಿಮೆಯಾಗುತ್ತದೋ ಇಲ್ಲವೋ ಆಮೇಲೆ ನೋಡೋಣ. ಒಂದು ಕತೆಯಿದೆ. ಕೇಳುತ್ತೀಯೋ, ಉಣ್ಣುತ್ತೀಯೋ?”

ಕೇಳುತ್ತೇನೆ ಎನ್ನದೆ ಅವನಿಗೆ ದಾರಿಯಿರಲಿಲ್ಲ. ಪಕ್ಕದಲ್ಲಿದ್ದವನು ಮೊಣಕೈಯಿಂದ ತಿವಿದು, “ಪ್ರಶ್ನೆ ನಿನ್ನದು, ಆರುವುದು ಎಲ್ಲರ ಮುದ್ದೆ” ಎಂದು ಗೊಣಗಿದ. ಗುರುಗಳಿಗೆ ಅದು ಕೇಳಿಸಿತು. ಕೇಳಿಸದವರಂತೆ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ತೋಟಗಾರನಿದ್ದ. ಕೆರೆಯ ಏರಿಯ ಕೆಳಗೆ ಅವನ ಚಕ್ಕೋತದ ತೋಟ. ಅಲ್ಲಿಯ ನೆಲ ಬೇಸಿಗೆಯಲ್ಲಿ ಗಟ್ಟಿ. ಮಳೆ ಹಿಡಿಯಿತೆಂದರೆ ಕಲಸಿದ ಹಿಟ್ಟು. ಚಕ್ಕೋತ ಕೈಗೆ ಬರುವುದೂ ಆ ಮೆತ್ತನೆಯ ದಿನಗಳಲ್ಲೇ, ಗೌರಿ ಹಬ್ಬದ ಹೊತ್ತಿಗೆ. ಕೋಲಿನಿಂದ ಬಡಿದು ಉದುರಿಸುವ ಹಣ್ಣಲ್ಲ ಅದು. ಬಿದ್ದರೆ ಬಿರಿಯುತ್ತದೆ, ಬಿರಿದದ್ದು ಪೂಜೆಗೆ ಸಲ್ಲದು. ಏಣಿ ಹತ್ತಿ, ತೊಟ್ಟು ಕೊಯ್ದು, ನಿದ್ದೆಹೋದ ಕೂಸನ್ನು ಇಳಿಸುವ ಹಾಗೆ ಇಳಿಸಬೇಕು.

ತೋಟಗಾರ ಏಣಿ ಹತ್ತುವ ಬಗೆಯೇ ಬೇರೆ. ಮೊದಲು ನೆಲಕ್ಕೆ ಒಂದು ಅಗಲವಾದ ಹಲಗೆ ಹಾಕುವನು. ಏಣಿಯ ಎರಡು ಕಾಲನ್ನೂ ಅದರ ಮೇಲೆ ಇಟ್ಟು, ತಲೆಯನ್ನು ಗಟ್ಟಿ ಕವಲಿಗೆ ಒರಗಿಸುವನು. ಆಮೇಲೆ ಮೊದಲನೆಯ ಮೆಟ್ಟಿಲ ಮೇಲೆ ಎರಡು ಪಾದವನ್ನೂ ಊರಿ ನಿಂತುಬಿಡುವನು. ಕಣ್ಣು ಮುಚ್ಚಿ ಮೆಲ್ಲಗೆ ಹೇಳುವನು:

“ಗಿಡ ನೆಟ್ಟ ನಮ್ಮಪ್ಪ. ಕೆರೆ ಕಟ್ಟಿಸಿದ ಪುಣ್ಯಾತ್ಮ. ಬಿದಿರು ಕೊಟ್ಟ ಮೆಳೆ. ಮಳೆ ಸುರಿಸಿದ ಸ್ವಾಮಿ. ಏಣಿ ಹಿಡಿದ ಕೈ.”

ಒಂದೊಂದು ಹೆಸರಿಗೂ ಒಂದು ದೀರ್ಘ ಉಸಿರು. ಮಳೆ ಬರಲಿ, ಬಿಸಿಲು ಬರಲಿ, ಆತುರವೆಂಬುದಿಲ್ಲ. ಎಲ್ಲ ಮುಗಿದ ಮೇಲೆ ಹತ್ತುವನು. ಏಣಿಯನ್ನು ಇನ್ನೊಂದು ಮರಕ್ಕೆ ಒಯ್ದರೆ ಅಲ್ಲಿಯೂ ಅದೇ. ಬುಡದಲ್ಲಿ ಏಣಿ ಹಿಡಿಯುತ್ತಿದ್ದವಳು ಅವನ ಒಬ್ಬಳೇ ಮಗಳು. “ನಮ್ಮಪ್ಪ ಮುದುಕನಾದದ್ದು ಆ ಮೆಟ್ಟಿಲ ಮೇಲೇ” ಎಂದು ಅವಳು ನಗುತ್ತಿದ್ದಳು.

ಆ ಮಗಳಿಗೆ ಮದುವೆಯಾಯಿತು. ಗಂಡ ಮನೆಅಳಿಯನಾಗಿ ಬಂದ. ಅವನು ಕಲ್ಲುನೆಲದ ಊರಿನವನು. ಅಲ್ಲಿ ಏಣಿ ಇಟ್ಟರೆ ಗರುಡಗಂಬ ನಿಂತ ಹಾಗೆ ನಿಲ್ಲುತ್ತದೆ. ಒಳ್ಳೆಯವನು, ಕಸುವುಳ್ಳವನು, ಮಾವನ ಮೇಲೆ ಗೌರವವಿದ್ದವನು. ಆದರೆ ಊರವರು ಹೊಸ ಮನೆಅಳಿಯನನ್ನು ಸುಮ್ಮನೆ ಬಿಡುವರೇ? “ಮರ ಮಾವನದು, ಏಣಿ ಮಾವನದು, ಅಳಿಮಯ್ಯನದು ಬರೀ ಹೊಟ್ಟೆ” ಎಂದು ಕಟ್ಟೆಯ ಮೇಲೆ ಆಡಿಕೊಂಡರು. ಅದು ಅವನ ಕಿವಿಗೂ ಬಿತ್ತು. ಆವತ್ತಿನಿಂದ ಅವನಿಗೆ ಒಂದೇ ಯೋಚನೆ: ಈ ಮನೆಯ ಅನ್ನವನ್ನು ನಾನು ದುಡಿದು ಉಣ್ಣುತ್ತಿದ್ದೇನೆಂದು ಇವರೆಲ್ಲರ ಕಣ್ಣಿಗೆ ಕಾಣಬೇಕು.

ಆ ವರ್ಷ ತೋಟಗಾರನ ಮಂಡಿಗಳು ಸೋತವು. ಏಣಿ ಅಳಿಯನ ಪಾಲಿಗೆ ಬಂತು. ಮುದುಕ ಬುಡದಲ್ಲಿ ಹಿಡಿದುಕೊಳ್ಳುವವನಾದ.

ಮೊದಲ ದಿನ ಮುದುಕ ಹೇಳಿದ್ದು ಒಂದೇ ಮಾತು. “ಅಳಿಮಯ್ಯ, ನೆನೆದು ಹತ್ತಿ.”

ಆಗ ಬೇಸಿಗೆ, ಒಣಕೊಂಬೆ ಸವರುವ ಕೆಲಸ. ಅಳಿಯ ಅಷ್ಟರಲ್ಲೇ ಮರದ ತಲೆಯ ಹತ್ತಿರವಿದ್ದ. “ನೀವು ನೆನೆಯುತ್ತಿರಿ ಮಾವ, ನಾನು ಹತ್ತುತ್ತಿರುತ್ತೇನೆ. ಮನೆಗೆ ಒಬ್ಬರು ನೆನೆದರೆ ಸಾಲದೇ?” ಎಂದು ಮೇಲಿನಿಂದ ಕೂಗಿದ. ಮುದುಕ ನಕ್ಕು ಏಣಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಏಣಿ ಅಲುಗಲಿಲ್ಲ. ಮರುದಿನವೂ ಅಲುಗಲಿಲ್ಲ. ಬೇಸಿಗೆಯಿಡೀ ಅಲುಗಲಿಲ್ಲ. ಏಣಿಯೂ ಜಾರಲಿಲ್ಲ, ದೇವರೂ ಮುನಿಯಲಿಲ್ಲ, ಇನ್ನು ನೆನೆಯುವುದು ವಯಸ್ಸಾದವರ ಕೆಲಸ ಎಂದು ಅಳಿಯ ತೀರ್ಮಾನಿಸಿಕೊಂಡ. “ಅಪ್ಪನ ಮಾತು ಒಂದು ಸಲ ಕೇಳಿದರೆ ನಿಮ್ಮ ಗಂಟೇನು ಹೋಗುತ್ತದೆ?” ಎಂದು ಹೆಂಡತಿ ಕೇಳಿದಾಗ, “ಹೊತ್ತು ಹೋಗುತ್ತದೆ ಕಣೇ” ಎಂದ.

ಮಳೆ ಹಿಡಿಯಿತು. ಹಬ್ಬ ಹತ್ತಿರವಾಯಿತು. ಒಂದು ಬೆಳಿಗ್ಗೆ ಪಕ್ಕದ ತೋಟದವನ ಗಾಡಿ ಹಣ್ಣು ತುಂಬಿಕೊಂಡು ಸಂತೆಗೆ ಹೊರಟಿತು. ಬೇಲಿಯಾಚೆ ಗಾಡಿ ನಿಲ್ಲಿಸಿ ಅವನು ಕೇಳಿದ, “ಏನು ಅಳಿಮಯ್ಯನೋರೆ, ನಿಮ್ಮ ಹಣ್ಣು ಮುಂದಿನ ಗೌರಿಗಾದರೂ ಇಳಿಯುತ್ತವೆಯೇ?”

ಅಳಿಯನ ಎದೆಯಲ್ಲಿ ಕೆಂಡ ಬಿದ್ದ ಹಾಗಾಯಿತು. ಹಲಗೆಯನ್ನು ಮರದ ಬುಡಕ್ಕೆ ಎಸೆದ, ಅದರ ಮೇಲೆ ಏಣಿ ಒರಗಿಸಿದ, ಚೀಲವನ್ನು ಹೆಗಲಿಗೆ ಹಾಕಿದ. ತುಂತುರು ಬೀಳುತ್ತಲೇ ಇತ್ತು. ಮುದುಕ ಏಣಿಗೆ ಕೈ ಕೊಟ್ಟು ಹೇಳಿದ, “ನೆಲ ನೆನೆದಿದೆ ಅಳಿಮಯ್ಯ. ಇವತ್ತಾದರೂ ನೆನೆದು ಹತ್ತಿ.”

ಅಳಿಯ ಒದ್ದೆ ತಲೆಯನ್ನು ಕೊಡವಿದ. “ನೆನೆದೇ ಇದ್ದೇನಲ್ಲ ಮಾವ, ತಲೆಯಿಂದ ಕಾಲತನಕ! ಇನ್ನೆಷ್ಟು ನೆನೆಯಲಿ?”

ಮಾತು ಚೆನ್ನಾಗಿತ್ತು. ಹಣ್ಣಿಗೆ ಬುಟ್ಟಿ ತಂದಿದ್ದ ಹೆಂಡತಿ ನಕ್ಕಳು, ಮುದುಕನಿಗೂ ನಗು ಬಂತು. ಆ ನಗು ಮುಗಿಯುವ ಮೊದಲೇ ಅವನು ಏಣಿಯ ನಡುವನ್ನು ದಾಟಿದ್ದ.

ಚೀಲ ಬೇಗ ತುಂಬಿತು. ಇನ್ನೊಂದೇ ಹಣ್ಣು ಎಂದು ಎಡಗಡೆಗೆ ಕೈ ಚಾಚಿದ. ಭಾರವೆಲ್ಲ ಒಂದು ಕಡೆಗೆ ಹೋಯಿತು. ಹಲಗೆಯ ಎಡ ಅಂಚು ಸದ್ದಿಲ್ಲದೆ ಕೆಸರಿಗೆ ಇಳಿಯಿತು. ಏಣಿ ವಾಲಿತು. ಕೊಂಬೆಗೆ ಕೈ ಹಾಕಿದ, ಎಲೆ ಬಂತು. ಚೀಲದ ಹಣ್ಣುಗಳು ಒಂದೊಂದಾಗಿ ಕೆಳಗೆ ಬಿದ್ದ ಸದ್ದು ಕೇಳಿಸಿತು. ಇನ್ನು ನನ್ನ ಸರದಿ ಎಂದುಕೊಂಡು ಕಣ್ಣು ಮುಚ್ಚಿದ.

ಆದರೆ ಏಣಿ ಅರ್ಧಕ್ಕೆ ವಾಲಿ ಅಲ್ಲೇ ನಿಂತಿತು. ಏಕೆ ನಿಂತಿತೆಂದು ಅವನಿಗೆ ತಿಳಿಯಲಿಲ್ಲ. ಮೆಟ್ಟಿಲಿಗೆ ಎದೆಯೊತ್ತಿ ಜಾರಿಕೊಂಡು ಇಳಿದ. ಕಾಲಿಗೆ ಕೆಸರು ತಾಕಿದ ಮೇಲೆ ಕಂಡಿತು. ಮುದುಕ ವಾಲಿದ ಏಣಿಯ ಕೆಳಗೆ ಹೆಗಲು ಕೊಟ್ಟು ಮಂಡಿಯೂರಿದ್ದ. ಸೋತ ಎರಡು ಮಂಡಿಗಳೂ ಕೆಸರಿನಲ್ಲಿ ಹೂತಿದ್ದವು. ಅಳಿಯ ಪೂರ್ತಿ ಇಳಿದನೆಂದು ಖಾತ್ರಿಯಾದ ಮೇಲೆಯೇ ಅವನು ಏಣಿಯನ್ನು ಬಿಟ್ಟ. ಬಿಟ್ಟ ಮೇಲೆ ತೋಳು ಮೇಲೇಳಲಿಲ್ಲ.

ಮೂಳೆ ಕೂರಿಸುವವರು ಬಂದು ಪಟ್ಟಿ ಕಟ್ಟಿ ಹೋದರು. ಅಳಿಯ ಹಾಸಿಗೆಯ ಪಕ್ಕದಲ್ಲಿ ಕೂತು ಗಂಡಸೆಂಬುದನ್ನೂ ಮರೆತು ಅತ್ತ. “ನನ್ನ ಸೊಕ್ಕಿಗೆ ದೇವರು ಶಿಕ್ಷೆ ಕೊಟ್ಟ ಮಾವ.”

“ಸೊಕ್ಕು ನಿಮ್ಮದು, ಮುರಿದದ್ದು ನನ್ನ ಹೆಗಲು” ಎಂದ ಮುದುಕ. “ದೇವರಿಗೆ ಅಷ್ಟೂ ಗುರುತು ಸಿಗುವುದಿಲ್ಲವೇ? ಶಿಕ್ಷೆಯೂ ಇಲ್ಲ, ಏನೂ ಇಲ್ಲ. ಏಣಿ ಕೂರುವ ಮೊದಲೇ ಹತ್ತಿದಿರಿ, ಅಷ್ಟೇ. ನೆನೆದ ನೆಲದಲ್ಲಿ ಏಣಿ ಎಷ್ಟು ಇಳಿಯಬೇಕೋ ಅಷ್ಟು ಇಳಿಯುತ್ತದೆ. ನೀವು ಮೊದಲ ಮೆಟ್ಟಿಲಲ್ಲಿದ್ದಾಗ ಇಳಿದರೆ ಗೇಣು ಬೀಳುತ್ತೀರಿ. ಮೇಲಿದ್ದಾಗ ಇಳಿದರೆ ಪೂರ್ತಿ ಬೀಳುತ್ತೀರಿ. ಇದು ನನಗೂ ಗೊತ್ತಿರಲಿಲ್ಲ. ನಮ್ಮಪ್ಪ ನೆನೆ ಎಂದರು, ನೆನೆದೆ. ಎಷ್ಟೋ ಕಾಲದ ಮೇಲೆ ಪಾದಕ್ಕೆ ತಿಳಿಯಿತು.”

ಅಳಿಯ ಕಣ್ಣೊರೆಸಿಕೊಂಡು ಯೋಚಿಸಿದ. “ಏಣಿ ಕೂರುವವರೆಗೆ ಕಾಯುವುದಷ್ಟೇ ಆದರೆ, ಬಾಯಿ ಬಿಡದೆ ಸುಮ್ಮನೆ ನಿಂತರೂ ಆಯಿತಲ್ಲ ಮಾವ?”

“ನಿಂತು ನೋಡಿ” ಎಂದ ಮುದುಕ.

ನೋವು ಸ್ವಲ್ಪ ತಗ್ಗಿದ ಮೇಲೆ ಮೂವರೂ ತೋಟಕ್ಕೆ ಹೋದರು. ನೆಲ ಇನ್ನೂ ಹಸಿಯಾಗಿಯೇ ಇತ್ತು. ಹೆಂಡತಿ ಏಣಿ ಹಿಡಿದಳು. ಮುದುಕ ಕಟ್ಟಿದ ತೋಳನ್ನು ಎದೆಗೊತ್ತಿಕೊಂಡು, ಉಳಿದ ಒಂದು ಕೈಯನ್ನು ತಾನೂ ಏಣಿಗೆ ಕೊಟ್ಟ. ಅಳಿಯ ಮೊದಲ ಮೆಟ್ಟಿಲ ಮೇಲೆ ಸುಮ್ಮನೆ ನಿಂತ. ಕಣ್ಣು ತಾನಾಗಿ ಮೇಲಕ್ಕೆ ಹೋಯಿತು. ಹಳದಿಗೆ ತಿರುಗಿದ ದೊಡ್ಡ ಹಣ್ಣೊಂದು ಎಲೆಗಳ ಸಂದಿಯಲ್ಲಿ ಕಂಡಿತು. ಅವನಿಗೇ ತಿಳಿಯದ ಹಾಗೆ ಕಾಲು ಎರಡನೆಯ ಮೆಟ್ಟಿಲಿಗೆ ಹೋಗಿತ್ತು.

“ಇಳಿಯಿರಿ” ಎಂದ ಮುದುಕ.

ಇಳಿದು ಮತ್ತೆ ನಿಂತ. ಈ ಸಲ ಬೇಲಿಯಾಚೆಯ ಗಾಡಿ ನೆನಪಾಯಿತು. ಮತ್ತೆ ಕಾಲು ಮೇಲಕ್ಕೆ ಹೋಯಿತು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಮೇಲೆ ನೋಡುವವನಿಗೆ ಕಾಲು ನಿಲ್ಲುವುದಿಲ್ಲ ಅಳಿಮಯ್ಯ” ಎಂದ ಮುದುಕ. “ಅದು ನಿಮ್ಮ ತಪ್ಪಲ್ಲ. ಎಲ್ಲರ ಕಾಲೂ ಹಾಗೆಯೇ.”

ಆಗ ಅವನು ಕಣ್ಣು ಮುಚ್ಚಿದ. ಕೇಳಿ ಕೇಳಿ ಬಾಯಿಪಾಠವಾಗಿದ್ದ ಹೆಸರುಗಳನ್ನು ಮೊದಲ ಸಲ ತನ್ನ ಬಾಯಿಂದ ಹೇಳಿದ. ಗಿಡ ನೆಟ್ಟವರು ಎಂದ. ಹೆಂಡತಿಯ ಅಜ್ಜ ಅವರು, ಅವನು ನೋಡಿದವರಲ್ಲ. ಆದರೂ ಅವರ ನೆರಳಿನಲ್ಲಿ ತಾನು ನಿಂತಿದ್ದೇನೆ ಎನ್ನಿಸಿತು. ಕೆರೆ ಕಟ್ಟಿಸಿದವರು ಎಂದ. ಅವರ ಹೆಸರೇ ಊರಲ್ಲಿ ಯಾರಿಗೂ ತಿಳಿಯದು, ನೀರು ಮಾತ್ರ ಇನ್ನೂ ಬರುತ್ತಿದೆ. ಆ ಹೊತ್ತಿಗೆ ಪಾದದ ಕೆಳಗೆ ಏನೋ ಮೆಲ್ಲಗೆ ಇಳಿದದ್ದು ತಿಳಿಯಿತು. ಎಡಗಡೆ ಹೆಚ್ಚು ಇಳಿದಿತ್ತು. ಅವನು ನೆಲಕ್ಕೆ ಬಂದು ಹಲಗೆಯ ಆ ಅಂಚಿನ ಅಡಿಗೆ ಚಪ್ಪಟೆ ಕಲ್ಲು ಕೊಟ್ಟು ಮತ್ತೆ ಮೊದಲಿನಿಂದ ಹೇಳಿದ. ಬಿದಿರು ಕೊಟ್ಟ ಮೆಳೆ ಎನ್ನುವಾಗ ಇನ್ನೂ ಕೊಂಚ ಇಳಿಯಿತು. ಮಳೆ ಸುರಿಸಿದ ಸ್ವಾಮಿ ಎನ್ನುವಾಗ ನಿಂತಿತು.

ಏಣಿ ಹಿಡಿದ ಕೈ ಎನ್ನಬೇಕು. ಕಣ್ಣು ತೆರೆದು ಕೆಳಗೆ ನೋಡಿದ. ಪಟ್ಟಿ ಕಟ್ಟಿದ ಹೆಗಲು ಕಂಡಿತು. ಬೇಸಿಗೆಯಿಡೀ ತಾನು ಮೇಲೆ ಹತ್ತಿದ ದಿನಗಳೆಲ್ಲ ಈ ಕೈ ಇಲ್ಲೇ ಇತ್ತು. ಒಂದು ಸಲವೂ ತಾನು ಕೆಳಗೆ ನೋಡಿರಲಿಲ್ಲ. ಕೊನೆಯ ಹೆಸರು ಬಾಯಿಂದ ಬರಲಿಲ್ಲ.

“ಬಂತು ಬಿಡಿ, ಕೇಳಿಸಿತು” ಎಂದ ಮುದುಕ. “ಹತ್ತಿ.”

ಅವನು ಹತ್ತಿದ. ಏಣಿ ನೆಲದಿಂದ ಹುಟ್ಟಿ ಬಂದ ಹಾಗೆ ನಿಂತಿತ್ತು. ಮೊದಲ ಹಣ್ಣನ್ನು ಚೀಲಕ್ಕೆ ಹಾಕಲಿಲ್ಲ. ಎದೆಗವಚಿಕೊಂಡು ಇಳಿದು ಬಂದು ಮಾವನ ಪಾದದ ಹತ್ತಿರ ಇಟ್ಟು ನಮಸ್ಕರಿಸಿದ. ಮುದುಕ ಒಂದೇ ಕೈಯಿಂದ ಅವನನ್ನು ಎಬ್ಬಿಸಿ, ಆ ಹಣ್ಣನ್ನು ಕಣ್ಣಿಗೊತ್ತಿಕೊಂಡ.

“ಒಂದೊಂದು ಹಣ್ಣಿಗೂ ಹೀಗೆ ಇಳಿದು ಬಂದರೆ, ಆ ಗಾಡಿಯವನು ಹೇಳಿದ್ದೇ ನಿಜವಾಗುತ್ತದೆ ಅಳಿಮಯ್ಯ. ಮುಂದಿನ ಗೌರಿಯೇ ಗತಿ.”

ಗುರುಗಳು ಕತೆ ನಿಲ್ಲಿಸಿದರು. ಪಂಕ್ತಿಯಲ್ಲಿ ನಗು ಹರಿದು ಹೋಯಿತು. ಶಾಂತಮಲ್ಲನಿಗೂ ಸಮಾಧಾನವಾಗಿತ್ತು. ಕೇಳಿದ್ದಕ್ಕೆ ಉತ್ತರ ಸಿಕ್ಕಿತೆಂದು ಅವನ ಮುಖ ಅರಳಿತ್ತು.

“ಅರ್ಥವಾಯಿತು ಬುದ್ಧಿ. ನಮ್ಮ ಏಣಿ ಕೂರಲೆಂದೇ ನಾವು ನೆನೆಯುವುದು. ಅಂದ ಮೇಲೆ ನಾನು ಹೇಳಿದ್ದೂ ಸರಿಯೇ. ನಾವು ನೆನೆಯದಿದ್ದರೂ ದೇವರಿಗೆ ಕಡಿಮೆಯಾಗುವುದು ಏನೂ ಇಲ್ಲ.”

ಗುರುಗಳು ಆರಿದ ಮುದ್ದೆಯನ್ನು ಮುರಿದು, ಮೊದಲ ತುತ್ತನ್ನು ಅವನ ತಟ್ಟೆಗೆ ಇಟ್ಟರು.

“ಕಡಿಮೆಯೇನೂ ಆಗುವುದಿಲ್ಲ ಮರಿ, ಅವನ ಹೆಗಲಿಗೆ ಭಾರ ಹೆಚ್ಚಾಗುತ್ತದೆ.”